ಉತ್ತರ ಕನ್ನಡ ಕರಾವಳಿಯ ಮುಸುವ: ಸಂಶೋಧನೆಗಳ ಒಂದು ವಿಮರ್ಶೆ

ಪೀಠಿಕೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳು ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಗೆ ಸೇರಿದವು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಕಡಿದಾದ ಗೋಡೆ. ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆಗಳು ಹರಿದು ಕಡಲನ್ನು ಸೇರುತ್ತವೆ. ತೆಂಗಿನ ತೋಟ, ಗದ್ದೆಬಯಲು, ಮುರಕಲ್ಲಿನ ಗುಡ್ಡ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ನಿತ್ಯಹರಿದ್ವರ್ಣದ ಕಾಡು ಇವೆಲ್ಲ ಒಂದರ ಬೆನ್ನಿಗೆ ಒಂದಾಗಿ ಇಲ್ಲಿ ಕಾಣಸಿಗುತ್ತವೆ. ಈ ವೈವಿಧ್ಯದ ಉದ್ದಗಲಕ್ಕೂ ಸಂಚರಿಸುವ ಸಸ್ತನಿಗಳಲ್ಲಿ ಕರಿಮುಖದ ಮುಸುವ ಮುಖ್ಯವಾದುದು. ದೇವಿಮನೆ ಘಟ್ಟದ ತಿರುವುಗಳಲ್ಲಿ, ಯಾಣದ ಬಂಡೆಗಳ ಸುತ್ತಲಿನ ಕಾಡಿನಲ್ಲಿ, ಗೇರುಸೊಪ್ಪೆಯ ಕಣಿವೆಯಲ್ಲಿ, ಹಾಡುವಳ್ಳಿಯ ತೋಟದಂಚಿನಲ್ಲಿ ಅದು ಜನರಿಗೆ ನಿತ್ಯಪರಿಚಿತ.

ಇಷ್ಟು ಪರಿಚಿತವಾದ ಪ್ರಾಣಿಯ ಬಗೆಗೆ ವಿಜ್ಞಾನ ಏನನ್ನು ಕೇಳಿದೆ, ಏನನ್ನು ಕೇಳದೆ ಬಿಟ್ಟಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮುಸುವನ ಕುರಿತಾದ ಸಂಶೋಧನೆ ಕರ್ನಾಟಕದಲ್ಲಿ ವಿರಳವೇನಲ್ಲ. ಜಗತ್ತಿನ ವಾನರಶಾಸ್ತ್ರದ ದಿಕ್ಕನ್ನೇ ಬದಲಿಸಿದ ಅವಲೋಕನವೊಂದು ಧಾರವಾಡದಲ್ಲಿ ನಡೆಯಿತು. ಜಗತ್ತಿನ ವೈದ್ಯವಿಜ್ಞಾನಕ್ಕೆ ಹೊಸದಾದ ವೈರಾಣುವೊಂದು ಸೊರಬ ತಾಲೂಕಿನಲ್ಲಿ ಪತ್ತೆಯಾಯಿತು. ಆದರೆ ಈ ಎರಡು ಪರಂಪರೆಗಳ ನಡುವೆ ಇರುವ ಕರಾವಳಿಯ ಮುಸುವನ ಕುರಿತು ನಡೆದ ವಿಚಾರವೆಲ್ಲ ಬಹುಮಟ್ಟಿಗೆ ಎರಡೇ ಪ್ರಶ್ನೆಗಳ ಸುತ್ತ ಸುತ್ತಿದೆ: ಅದರ ಹೆಸರೇನು? ಅದು ಯಾವ ರೋಗದಿಂದ ಸತ್ತಿತು? ಅದು ಹೇಗೆ ಬದುಕುತ್ತದೆ ಎಂಬ ಮೂರನೆಯ ಪ್ರಶ್ನೆಗೆ ಸಿಕ್ಕ ಸ್ಥಾನ ಅಲ್ಪ. ಮೊದಲ ಎರಡು ಪ್ರಶ್ನೆಗಳ ಉತ್ತರಗಳೂ ಮೂರನೆಯದನ್ನು ಅವಲಂಬಿಸಿವೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಹೆಸರಿನ ಚರಿತ್ರೆ

ಕನ್ನಡಿಗರಿಗೆ ಮಂಗಗಳ ವರ್ಗೀಕರಣ ಹೊಸದಲ್ಲ. ಕೆಂಪು ಮಂಗ, ಮುಸುವ, ಸಿಂಗಳೀಕ ಎಂಬ ಮೂರು ಬಗೆಗಳನ್ನು ಮಲೆನಾಡು-ಕರಾವಳಿಯ ಜನ ತಪ್ಪಿಲ್ಲದೆ ಬೇರ್ಪಡಿಸುತ್ತ ಬಂದಿದ್ದಾರೆ. ಮುಸು, ಮುಸುವ, ಮುಸಿಯ, ಮುಸ್ಯ ಎಂಬ ರೂಪಗಳು ಕನ್ನಡದಲ್ಲಿವೆ; ತಮಿಳಿನಲ್ಲೂ ತುಳುವಿನಲ್ಲೂ ಇದರ ಜ್ಞಾತಿಪದಗಳಿವೆ. ದ್ರಾವಿಡ ಭಾಷೆಗಳಲ್ಲಿ ಹಂಚಿಹೋದ ಈ ಪದ, ಕರಿಮುಖದ ಎಲೆತಿನಿ ಮಂಗವನ್ನು ಉಳಿದ ಮಂಗಗಳಿಂದ ಪ್ರತ್ಯೇಕವಾಗಿ ಗುರುತಿಸುವ ಜಾನಪದ ತಿಳಿವಳಿಕೆ ಬಹಳ ಹಿಂದಿನದೆಂಬುದನ್ನು ಸೂಚಿಸುತ್ತದೆ.

ಪಾಶ್ಚಾತ್ಯ ಪ್ರಾಣಿಶಾಸ್ತ್ರದಲ್ಲಿ ಹನುಮಾನ್ ಲಂಗೂರಿಗೆ ಎಂಟೆಲಸ್ ಎಂಬ ಹೆಸರನ್ನು ಕೊಟ್ಟವನು 1797ರಲ್ಲಿ ಡ್ಯುಫ್ರೇನ್. 1841ರಲ್ಲಿ ಎಡ್ವರ್ಡ್ ಬ್ಲೈತ್ ತಿರುವಾಂಕೂರಿನ ಮಾದರಿಯನ್ನು ಆಧರಿಸಿ ಹೈಪೊಲ್ಯೂಕಸ್ ಎಂಬ ಹೆಸರನ್ನೂ, 1843ರಲ್ಲಿ ಇಸಿಡೋರ್ ಜೆಫ್ರಾಯ್ ಮಲಬಾರ್ ತೀರದ ಮಾಹೆಯ ಮಾದರಿಯನ್ನು ಆಧರಿಸಿ ಡಸ್ಸುಮಿಯೇರಿ ಎಂಬ ಹೆಸರನ್ನೂ ನೀಡಿದರು. 1928ರಲ್ಲಿ ಆರ್. ಐ. ಪೋಕಾಕ್ ಬ್ರಿಟಿಷ್ ಭಾರತದ ಲಂಗೂರುಗಳನ್ನು ವಿವರಿಸುವಾಗ ಧಾರವಾಡ ಪ್ರಾಂತದ ಹಂಸಭಾವಿಯ ಮಾದರಿಗೆ ಅಕೇಟಿಸ್ ಎಂದೂ, ಜೋಗದ ಮಾದರಿಗೆ ಯೂಲಸ್ ಎಂದೂ ಹೆಸರಿಟ್ಟರು. ಇದು ನಮ್ಮ ಪ್ರದೇಶಕ್ಕೆ ಮಹತ್ವದ ಸಂಗತಿ. ಘಟ್ಟದ ಮೂಡಣ ಬಯಲಿನ ಮುಸುವನೂ ಜಲಪಾತದ ಕಾಡಿನ ಮುಸುವನೂ ಒಂದೇ ಅಲ್ಲವೆಂದು ಪೋಕಾಕ್ ಭಾವಿಸಿದ್ದರು. ಜೋಗದಿಂದ ಧುಮುಕಿದ ಶರಾವತಿ ಇಳಿದು ಬರುವುದು ಹೊನ್ನಾವರ ತಾಲೂಕಿಗೆ ಎಂಬುದನ್ನು ನೆನೆದರೆ, ಈ ಹೆಸರು ಕರಾವಳಿಯ ಮುಸುವನಿಗೂ ಸಂಬಂಧಿಸಿದ್ದೆಂಬುದು ಸ್ಪಷ್ಟವಾಗುತ್ತದೆ.

ಆದರೆ ಪೋಕಾಕರ ವಿಧಾನದ ಮಿತಿಯನ್ನು ಗಮನಿಸಬೇಕು. ಅವರ ಮುಂದಿದ್ದುದು ತೊಗಲು ಮತ್ತು ತಲೆಬುರುಡೆ. ಕೈಕಾಲುಗಳ ಕಪ್ಪು ಎಷ್ಟು, ಬೆನ್ನಿನ ಬಣ್ಣ ಯಾವುದು ಎಂಬ ಲಕ್ಷಣಗಳ ಮೇಲೆ ಉಪಜಾತಿಗಳು ನಿಂತವು. ಇಂತಹ ಬಣ್ಣಗಳು ವಯಸ್ಸಿಗೂ ಋತುವಿಗೂ ಬದಲಾಗಬಲ್ಲವು. ಎಂ. ಎಲ್. ರೂನ್‌ವಾಲ್ ಅವರು ಮುಂದೆ ಜೀವಂತ ಪ್ರಾಣಿ ಬಾಲವನ್ನು ಹಿಡಿಯುವ ಭಂಗಿಯನ್ನು ಲಕ್ಷಣವಾಗಿ ಪರಿಗಣಿಸಿದರು. ಉತ್ತರದ ಲಂಗೂರು ಬಾಲವನ್ನು ತಲೆಯ ಕಡೆಗೆ ಬಾಗಿಸಿದರೆ ದಕ್ಷಿಣದ್ದು ಹಿಂದಕ್ಕೆ ಇಳಿಬಿಡುತ್ತದೆ ಎಂಬ ಅವರ ವಿಂಗಡಣೆ ಸರಳವಾದರೂ, ವರ್ಗೀಕರಣವನ್ನು ವಸ್ತುಸಂಗ್ರಹಾಲಯದ ಪೆಟ್ಟಿಗೆಯಿಂದ ಮರದ ಕೊಂಬೆಗೆ ತಂದ ಹೆಜ್ಜೆ ಅದು.

2001ರಲ್ಲಿ ಕಾಲಿನ್ ಗ್ರೋವ್ಸ್ ಹನುಮಾನ್ ಲಂಗೂರನ್ನು ಏಳು ಪ್ರತ್ಯೇಕ ಪ್ರಭೇದಗಳಾಗಿ ಒಡೆದರು. ಅದರಲ್ಲಿ ಹೈಪೊಲ್ಯೂಕಸ್ ಹಾಗೂ ಡಸ್ಸುಮಿಯೇರಿ ಬೇರೆಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ, ಚೇತನ್ ನಾಗ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮುಸುವಗಳನ್ನು ಕ್ಷೇತ್ರದಲ್ಲಿ ನೋಡಿ, ಬಳಿಕ ಡಿಎನ್‌ಎ ಮತ್ತು ಹವಾಮಾನದ ಮಾಹಿತಿಯನ್ನು ಸೇರಿಸಿ 2011 ಹಾಗೂ 2014ರಲ್ಲಿ ಪ್ರಕಟಿಸಿದ ಲೇಖನಗಳು ಈ ಗೊಂದಲಕ್ಕೆ ಒಂದು ತೆರೆ ಎಳೆದವು. ಪರ್ಯಾಯ ದ್ವೀಪದಲ್ಲಿ ಎಂಟೆಲಸ್, ಹೈಪೊಲ್ಯೂಕಸ್, ಪ್ರಯಾಮ್ ಎಂಬ ಮೂರು ಪ್ರಭೇದಗಳಿಗೆ ಆಧಾರವಿದೆ, ಡಸ್ಸುಮಿಯೇರಿ ಪ್ರತ್ಯೇಕ ಪ್ರಭೇದವಾಗಿ ನಿಲ್ಲದು ಎಂಬುದು ಅವರ ನಿಲುವು. ಹೈಪೊಲ್ಯೂಕಸ್ ಪಶ್ಚಿಮ ಘಟ್ಟದ ತೇವದ ಕಾಡುಗಳಿಗೆ ಸೇರಿದ ಮುಸುವ.

ಈ ಸಾಧನೆಯನ್ನು ಗೌರವಿಸುತ್ತಲೇ ಒಂದು ಮಾತನ್ನು ಹೇಳಬೇಕಾಗಿದೆ. ತೇವದ ಕಾಡಿನ ಪ್ರಭೇದವೆಂದು ಹವಾಮಾನದ ಗಣಿತ ಹೇಳುತ್ತದೆ. ಆದರೆ ಆ ತೇವದ ಕಾಡಿನಲ್ಲಿ ಪ್ರಾಣಿ ಏನು ತಿನ್ನುತ್ತದೆ, ಎಷ್ಟು ದೂರ ಅಲೆಯುತ್ತದೆ, ಕಾಡು ತೋಟವಾದಾಗ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಗಣಿತ ಹೇಳಲಾರದು. ನಾಮಕರಣ ಅರಿವಿನ ಆರಂಭವೇ ಹೊರತು ಅಂತ್ಯವಲ್ಲ. ಸಂರಕ್ಷಣೆಯ ಮೌಲ್ಯಮಾಪನ ಪ್ರಭೇದವಾರು ನಡೆಯುವುದರಿಂದ ಹೆಸರು ಬದಲಾದಾಗಲೆಲ್ಲ ಪ್ರಾಣಿಯ ವ್ಯಾಪ್ತಿ, ಸಂಖ್ಯೆ, ಅಪಾಯದ ಅಂದಾಜು ಕೂಡ ಬದಲಾಗುತ್ತದೆ. ಇಡೀ ಭಾರತದಲ್ಲಿ ಹರಡಿದ ಪ್ರಾಣಿಯೆಂದಾಗ ಯಾರಿಗೂ ಇರದ ಕಾಳಜಿ, ಘಟ್ಟದ ಒಂದು ಪಟ್ಟಿಗೆ ಸೀಮಿತವಾದ ಪ್ರಾಣಿಯೆಂದಾಗ ಹುಟ್ಟಬೇಕಾಗುತ್ತದೆ.

ಧಾರವಾಡದ ದೃಷ್ಟಾಂತ ಮತ್ತು ಅದರ ಎಲ್ಲೆ

ಮುಸುವನ ಸಾಮಾಜಿಕ ಜೀವನದ ಅಧ್ಯಯನದಲ್ಲಿ ಧಾರವಾಡದ ಹೆಸರು ಶಾಶ್ವತವಾಗಿದೆ. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಮತ್ತು ಸಂಗಡಿಗರು ಧಾರವಾಡದ ಪಶ್ಚಿಮಕ್ಕಿರುವ ಎಲೆಯುದುರುವ ಕಾಡಿನಲ್ಲಿ ಮುಸುವಗಳ ತಂಡಗಳನ್ನು ಹಿಂಬಾಲಿಸಿದರು. 1965ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲೊಂದಕ್ಕೆ ಸುಗಿಯಾಮಾ ಮತ್ತು ಕೆಂಜಿ ಯೋಶಿಬಾ ಅವರೊಂದಿಗೆ ಎಂ. ಡಿ. ಪಾರ್ಥಸಾರಥಿ ಅವರೂ ಸಹಲೇಖಕರು. ಅಲ್ಲಿ ಬಹುತೇಕ ತಂಡಗಳಲ್ಲಿ ಒಂದೇ ವಯಸ್ಕ ಗಂಡು, ಅನೇಕ ಹೆಣ್ಣುಗಳು ಮತ್ತು ಮರಿಗಳು ಇರುತ್ತಿದ್ದವು. ಉಳಿದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತಿದ್ದವು. 1962ರಲ್ಲಿ ಅಂತಹ ಗಂಡುಗುಂಪೊಂದು ಒಂದು ತಂಡದ ಮೇಲೆ ಎರಗಿ ಒಡೆಯನನ್ನು ಓಡಿಸಿತು. ಹೊಸ ಒಡೆಯ ಬಂದ ಬಳಿಕ ತಂಡದ ಹಸುಳೆಗಳು ಕಚ್ಚಿಸಿಕೊಂಡು ಇಲ್ಲವಾದವು. ಮರಿಗಳನ್ನು ಕಳೆದುಕೊಂಡ ಹೆಣ್ಣುಗಳು ಬೇಗನೆ ಬೆದೆಗೆ ಬಂದವು.

ಈ ಅವಲೋಕನ ಮುಂದೆ ದೊಡ್ಡ ವಾದವಿವಾದಕ್ಕೆ ಕಾರಣವಾಯಿತು. ರಾಜಸ್ಥಾನದ ಆಬೂ ಬೆಟ್ಟದಲ್ಲಿ ಕೆಲಸ ಮಾಡಿದ ಸಾರಾ ಬ್ಲಾಫರ್ ಹರ್ಡಿ, 1977ರ ತಮ್ಮ ಗ್ರಂಥದಲ್ಲಿ ಶಿಶುಹತ್ಯೆಯನ್ನು ಗಂಡಿನ ಸಂತಾನೋತ್ಪತ್ತಿಯ ತಂತ್ರವೆಂದು ವಿವರಿಸಿದರು. ಫಿಲಿಸ್ ಡೋಲ್ಹಿನೋ ಮತ್ತಿತರರು ಇದು ಮನುಷ್ಯರ ಒತ್ತಡ ಹಾಗೂ ಕಿಕ್ಕಿರಿದ ಸಂಖ್ಯೆಯಿಂದ ಕೆಟ್ಟ ಪರಿಸರದ ವಿಕೃತಿ ಎಂದು ವಾದಿಸಿದರು. 1999ರಲ್ಲಿ ಕರೋಲಾ ಬೋರೀಸ್ ಮತ್ತು ಸಂಗಡಿಗರು ನೇಪಾಳದ ರಾಮನಗರದ ಲಂಗೂರುಗಳ ಡಿಎನ್‌ಎ ಪರೀಕ್ಷಿಸಿ, ಮರಿಗಳ ಮೇಲೆ ಎರಗುವ ಗಂಡುಗಳು ಆ ಮರಿಗಳ ತಂದೆಗಳಲ್ಲವೆಂದು ತೋರಿಸಿದ ಮೇಲೆ ಹರ್ಡಿಯವರ ಪಕ್ಷಕ್ಕೆ ಬಲ ಬಂದಿತು.

ವಾದದ ಜಯಾಪಜಯಕ್ಕಿಂತ ನಮಗೆ ಮುಖ್ಯವಾದುದು ಅದರ ಭೂಗೋಲ. ಧಾರವಾಡ, ಆಬೂ, ಜೋಧಪುರ, ಕಾನ್ಹಾ, ರಾಮನಗರ ಇವು ಮುಸುವನ ಸಮಾಜದ ಕುರಿತ ಪಠ್ಯಜ್ಞಾನದ ಆಧಾರಸ್ತಂಭಗಳು. ಇವೆಲ್ಲ ಎಲೆಯುದುರುವ ಕಾಡು, ಒಣನಾಡು ಇಲ್ಲವೆ ಪೇಟೆ-ದೇವಸ್ಥಾನಗಳ ಸೆರಗು. ಇವುಗಳ ನಡುವೆಯೂ ಏಕರೂಪತೆ ಇಲ್ಲ: ಧಾರವಾಡದಲ್ಲಿ ಒಂಟಿಗಂಡಿನ ತಂಡ ಸಾಮಾನ್ಯವಾದರೆ ರಾಮನಗರದಲ್ಲಿ ಹಲವು ಗಂಡುಗಳಿರುವ ತಂಡಗಳೂ ಇವೆ. ಸುಗಿಯಾಮಾ ತಂಡವೊಂದರ ಏಕೈಕ ಗಂಡನ್ನು ತಾವೇ ತೆಗೆದು ಪರಿಣಾಮವನ್ನು ನೋಡಿದ ಪ್ರಯೋಗವೂ ಧಾರವಾಡದ ದಾಖಲೆಯ ಭಾಗ. ಅಲ್ಲಿ ಕಂಡದ್ದೆಲ್ಲವೂ ಮನುಷ್ಯನ ಕೈ ಸೋಕದ ನಿಸರ್ಗವಲ್ಲ ಎಂಬುದನ್ನು ಓದುಗ ಮರೆಯಬಾರದು.

ಧಾರವಾಡದ ವಾರ್ಷಿಕ ಮಳೆ ಸಾವಿರ ಮಿಲಿಮೀಟರಿಗಿಂತ ಕಡಿಮೆ. ಹೊನ್ನಾವರದಲ್ಲಿ ಅದು ಮೂರು ಸಾವಿರವನ್ನು ಮೀರುತ್ತದೆ. ಒಂದೆಡೆ ಬೇಸಿಗೆಯಲ್ಲಿ ಬೋಳಾಗುವ ತೇಗದ ಕಾಡು. ಇನ್ನೊಂದೆಡೆ ವರ್ಷವಿಡೀ ಹಸಿರಾಗಿರುವ, ಆದರೆ ನಾರು ಮತ್ತು ಒಗರಿನಿಂದ ಗಡುಸಾದ ಎಲೆಗಳ ಕಾಡು. ಮುಸುವನ ಹೊಟ್ಟೆ ಕೋಣೆಗಳಾಗಿ ವಿಭಾಗವಾಗಿದ್ದು ಅಲ್ಲಿ ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿಯಿಸಿ ಜೀರ್ಣಯೋಗ್ಯವಾಗಿಸುತ್ತವೆ. ಹಾಗೆಂದು ಎಲ್ಲ ಎಲೆಯೂ ಅದಕ್ಕೆ ಆಹಾರವಲ್ಲ. ತಮಿಳುನಾಡಿನ ಕಳಕ್ಕಾಡಿನ ಮಳೆಕಾಡಿನಲ್ಲಿ ಜಾನ್ ಓಟ್ಸ್ ಮತ್ತು ಸಂಗಡಿಗರು ನೀಲಗಿರಿ ಲಂಗೂರಿನ ಆಹಾರವನ್ನು ಎಲೆಗಳ ರಸಾಯನದೊಂದಿಗೆ ಹೋಲಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆಯ್ಕೆಯ ಸೂಕ್ಷ್ಮವನ್ನು ತೋರಿಸಿತು: ಎಲೆತಿನಿ ಮಂಗಕ್ಕೆ ಹಸಿರು ಕಾಡೆಲ್ಲ ಊಟದ ಎಲೆಯಲ್ಲ. ಆದ್ದರಿಂದ ತಂಡದ ಗಾತ್ರ, ಅಲೆದಾಟದ ಹರಹು, ಗಂಡುಗಳ ಸಂಖ್ಯೆ ಇವುಗಳನ್ನು ಧಾರವಾಡದಿಂದ ಎರವಲು ತಂದು ಗೇರುಸೊಪ್ಪೆಗೆ ಅನ್ವಯಿಸುವುದು ವಿಜ್ಞಾನದ ಕ್ರಮವಾಗದು.

ಮಂಗನ ಕಾಯಿಲೆ: ಸಾವಿನ ಲೆಕ್ಕ

1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿರುವುದನ್ನೂ ಜನ ಜ್ವರದಿಂದ ನರಳುತ್ತಿರುವುದನ್ನೂ ಒಟ್ಟಿಗೆ ನೋಡಿದವರು ಮೊದಲು ಆ ಹಳ್ಳಿಗರೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ರೋಗಕಾರಕ ವೈರಾಣುವನ್ನು ಬೇರ್ಪಡಿಸಿದರು. ಉಣುಗುಗಳ ಮೂಲಕ, ಅದರಲ್ಲೂ ಹೆಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಮೂಲಕ, ರೋಗ ಹರಡುವುದು ಸ್ಪಷ್ಟವಾಯಿತು. ಮುಂದಿನ ದಶಕಗಳಲ್ಲಿ ಈ ಕಾಯಿಲೆ ಉತ್ತರ ಕನ್ನಡವೂ ಸೇರಿದಂತೆ ನೆರೆಯ ಜಿಲ್ಲೆಗಳಿಗೆ ಹಬ್ಬಿತು. ಹೊನ್ನಾವರದ ಕಾಡಂಚಿನ ಹಳ್ಳಿಗಳು ಅದರ ನೋವನ್ನು ಬಲ್ಲವು. 2019ರಲ್ಲಿ ಶರಾವತಿಯ ಮೇಲ್ದಂಡೆಗೆ ಸೇರಿದ ಸಾಗರ ತಾಲೂಕಿನ ಅರಳಗೋಡು, 2024ರಲ್ಲಿ ಸಿದ್ದಾಪುರ ತಾಲೂಕು ಇದೇ ಕಾಯಿಲೆಯಿಂದ ಸಾವುಗಳನ್ನು ಕಂಡವು.

ಮುಸುವ ಮತ್ತು ಕೆಂಪು ಮಂಗ ಎರಡೂ ಈ ರೋಗಕ್ಕೆ ಬಲಿಯಾಗುತ್ತವೆ. 1964ರಿಂದ 1973ರವರೆಗೆ ಶಿವಮೊಗ್ಗದ ರೋಗಪೀಡಿತ ಪ್ರದೇಶದಲ್ಲಿ ಸಾವಿರಕ್ಕೂ ಮಿಕ್ಕಿ ಮಂಗಗಳ ಸಾವು ದಾಖಲಾಯಿತು. ಅವುಗಳಲ್ಲಿ ಬಹುಪಾಲು ಮುಸುವಗಳೇ. ದಶಕಗಟ್ಟಲೆ ಹಳ್ಳಿಹಳ್ಳಿ ಅಲೆದು ಈ ಮಾಹಿತಿಯನ್ನು ಕಲೆಹಾಕಿದ ಸಂಶೋಧಕರ ಶ್ರಮ ಅಸಾಮಾನ್ಯ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ಆ ಸ್ಥಳವನ್ನು ರೋಗದ ನೆಲೆಯಾಗಿಸುತ್ತವೆ. ಹೀಗಾಗಿ ಹೆಣ ಬಿದ್ದ ಸ್ಥಳದ ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಕೀಟನಾಶಕ ಎರಚುವ ಕ್ರಮ ರೂಢಿಗೆ ಬಂದಿತು. ಮುಸುವನ ಸಾವು ಮನುಷ್ಯನಿಗೆ ಮುನ್ಸೂಚನೆಯಾಯಿತು. 2022ರಲ್ಲಿ ಹಳೆಯ ಲಸಿಕೆಯ ಬಳಕೆ ನಿಂತ ಮೇಲೆ ಈ ಮುನ್ಸೂಚನೆಯ ಮೇಲಿನ ಅವಲಂಬನೆ ಇನ್ನಷ್ಟು ಹೆಚ್ಚಿತು.

ಆದರೆ ಈ ವ್ಯವಸ್ಥೆಯ ತಳಹದಿಯಲ್ಲೇ ಒಂದು ಕೊರತೆಯಿದೆ. ಸಾವಿನ ಲೆಕ್ಕವಿದೆ, ಬದುಕಿರುವವುಗಳ ಲೆಕ್ಕ ಅದರ ಪಕ್ಕದಲ್ಲಿಲ್ಲ. ಒಂದು ಕಣಿವೆಯಲ್ಲಿ ಹತ್ತು ಮುಸುವ ಸತ್ತವೆಂದರೆ ಅದು ಇನ್ನೂರರಲ್ಲಿ ಹತ್ತೋ, ಹದಿನೈದರಲ್ಲಿ ಹತ್ತೋ ಎಂಬುದರ ಮೇಲೆ ಆ ಸಂಖ್ಯೆಯ ಅರ್ಥ ನಿಂತಿದೆ. ಹೆಣ ಸಿಗುವುದು ಜನ ಓಡಾಡುವಲ್ಲಿ: ತೋಟದಂಚಿನಲ್ಲಿ, ದರಕು ಗುಡಿಸುವ ಬೆಟ್ಟದಲ್ಲಿ, ಸೌದೆಗೆ ಹೋಗುವ ದಾರಿಯಲ್ಲಿ. ಒತ್ತಾದ ಕಾಡಿನೊಳಗೆ ಬಿದ್ದ ಹೆಣ ಯಾರ ಕಣ್ಣಿಗೂ ಬೀಳದೆ ಕರಗಿಹೋಗುತ್ತದೆ. ಆದ್ದರಿಂದ ವರದಿಯಿಲ್ಲವೆಂದ ಮಾತ್ರಕ್ಕೆ ಸಾವಿಲ್ಲವೆಂದು ಹೇಳಲಾಗದು. ತಂಡವೊಂದು ಎಲ್ಲಿಂದ ಎಲ್ಲಿಯವರೆಗೆ ಅಲೆಯುತ್ತದೆ, ಬೇಸಿಗೆಯಲ್ಲಿ ಯಾವ ಹಳ್ಳದ ಬದಿಗೆ ಇಳಿಯುತ್ತದೆ, ನೆಲಕ್ಕೆ ಎಷ್ಟು ಹೊತ್ತು ಬರುತ್ತದೆ ಎಂಬುದು ತಿಳಿದಿದ್ದರೆ, ಹೆಣ ಬೀಳುವವರೆಗೆ ಕಾಯದೆ ಜಾಗ್ರತೆ ವಹಿಸಲು ಸಾಧ್ಯ. ವರ್ತನೆಯ ಅಧ್ಯಯನ ಇಲ್ಲಿ ಪಾಂಡಿತ್ಯದ ವಿಲಾಸವಲ್ಲ, ಸಾರ್ವಜನಿಕ ಆರೋಗ್ಯದ ಅಗತ್ಯ.

ರೋಗದ ಹೆಸರೂ ಒಂದು ತಪ್ಪು ಗ್ರಹಿಕೆಗೆ ಎಡೆಮಾಡಿದೆ. ಮಂಗನ ಕಾಯಿಲೆ ಎಂಬ ಮಾತು ಮಂಗವೇ ರೋಗದ ಮೂಲವೆಂಬ ಭಾವನೆಯನ್ನು ಬೆಳೆಸಿತು. ವಾಸ್ತವದಲ್ಲಿ ಮುಸುವ ಈ ರೋಗದ ಮೊದಲ ಬಲಿ. ಅದರ ರಕ್ತದಲ್ಲಿ ವೈರಾಣು ಹೆಚ್ಚಿದಾಗ ಉಣುಗುಗಳು ಸೋಂಕು ಪಡೆಯುತ್ತವೆ ಎಂಬುದು ನಿಜ. ಆದರೆ ಮನುಷ್ಯನಿಗೆ ರೋಗ ತಗಲುವುದು ಉಣುಗು ಕಚ್ಚುವುದರಿಂದ, ಇಲ್ಲವೆ ಸೋಂಕಿದ ಹೆಣವನ್ನು ಮುಟ್ಟುವುದರಿಂದ. ಮರದ ಮೇಲೆ ಆರೋಗ್ಯವಾಗಿ ಕುಳಿತ ಮುಸುವನಿಂದಲ್ಲ.

ಸಿಂಗಳೀಕದ ನೆರಳಿನಲ್ಲಿ

ಶಿರಸಿ-ಹೊನ್ನಾವರದ ಕಾಡುಗಳು ವನ್ಯಜೀವಿ ವಿಜ್ಞಾನದ ಭೂಪಟದಲ್ಲಿ ಕಾಣಿಸಿಕೊಂಡದ್ದು ಸಿಂಗಳೀಕದಿಂದ. ಹೊನ್ನವಳ್ಳಿ ಎನ್. ಕುಮಾರ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರು 2004ರಲ್ಲಿ ಪ್ರಕಟಿಸಿದ ಲೇಖನಗಳು ಈ ಪ್ರದೇಶದ ಮಹತ್ವವನ್ನು ಎತ್ತಿಹಿಡಿದವು. ಅವುಗಳಲ್ಲೊಂದು ಬ್ರಹ್ಮಗಿರಿ-ಮಾಕುಟ್ಟ ಹಾಗೂ ಶಿರಸಿ-ಹೊನ್ನಾವರ ಕಾಡುಗಳನ್ನು ಹೋಲಿಸಿ, ಬೇಟೆಯ ರೂಢಿಗಳು ಬೇರೆಯಾದಂತೆ ಸಸ್ತನಿಗಳ ಪ್ರಮಾಣವೂ ಬೇರೆಯಾಗುವುದನ್ನು ತೋರಿಸಿತು. ಜನರ ಆಚಾರ-ವಿಚಾರಗಳನ್ನು ಪ್ರಾಣಿಸಂಖ್ಯೆಯ ಕಾರಣಗಳಲ್ಲಿ ಒಂದಾಗಿ ಎಣಿಸಿದ ಈ ಬಗೆಯ ಅಧ್ಯಯನ ಅನುಕರಣೀಯ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದನ್ನೂ ಶರಾವತಿ ಕಣಿವೆಯ ಅಭಯಾರಣ್ಯವನ್ನೂ ಸುತ್ತಲಿನ ಕಾಡುಗಳನ್ನೂ ಕೂಡಿಸಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ರೂಪುಗೊಂಡಿತು.

ಸಿಂಗಳೀಕಕ್ಕೆ ಸಿಕ್ಕ ರಕ್ಷಣೆ ಅದೇ ಕಾಡಿನ ಮುಸುವನಿಗೂ ದೊರೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧಸತ್ಯ. ಸಿಂಗಳೀಕ ಮುಖ್ಯವಾಗಿ ಹಣ್ಣು ಮತ್ತು ಕೀಟಗಳನ್ನು ಅವಲಂಬಿಸಿದ ಮಳೆಕಾಡಿನ ಪ್ರಾಣಿ; ಅದರ ನೆಲೆಯೇ ಅಭಯಾರಣ್ಯದ ಗಡಿಯನ್ನು ನಿರ್ಧರಿಸಿದೆ. ಮುಸುವನಾದರೋ ಗಡಿಯ ಹೊರಗೂ ಬಾಳುತ್ತದೆ. ಕುಮಟಾ-ಭಟ್ಕಳದ ಕರಾವಳಿ ಗುಡ್ಡಗಳ ಮುಸುವಗಳಿಗೆ ಈ ಅಭಯಾರಣ್ಯ ದೂರದ ಮಾತು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಭೂಗತ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಾಗ ಎದ್ದ ವನ್ಯಜೀವಿ ಚರ್ಚೆಯ ಕೇಂದ್ರದಲ್ಲಿ ಸಿಂಗಳೀಕವಿತ್ತು, ಅದು ಸಹಜವೇ. ಆದರೆ ಅಪರೂಪದ ಪ್ರಾಣಿ ಮಾತ್ರ ವಾದಕ್ಕೆ ಅರ್ಹ, ಸಾಮಾನ್ಯ ಪ್ರಾಣಿ ತನ್ನ ಪಾಡಿಗೆ ಉಳಿದುಕೊಳ್ಳುತ್ತದೆ ಎಂಬ ಧೋರಣೆಗೆ ವಿಜ್ಞಾನದ ಆಧಾರವಿಲ್ಲ.

ತೋಟ, ಬೆಟ್ಟ ಮತ್ತು ಮುಸುವ

ಈ ಧೋರಣೆಯ ಬೆಲೆಯನ್ನು ತೆರುತ್ತಿರುವವರು ತೋಟಿಗರು. ಅಡಿಕೆಯ ಮಿಳ್ಳೆ, ಎಳೆಯ ತೆಂಗಿನಕಾಯಿ, ಬಾಳೆ, ಹಿತ್ತಿಲ ತರಕಾರಿ ಮಂಗಗಳ ಪಾಲಾಗುವುದು ಇಲ್ಲಿನ ದಿನನಿತ್ಯದ ಅಳಲು. ಹನುಮಂತನ ಮೇಲಿನ ಭಕ್ತಿ ಮುಸುವನನ್ನು ಬಹುಕಾಲ ಕಾಪಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಆದರೆ ಬೆಳೆ ಕಳೆದುಕೊಂಡವನಿಗೆ ಭಕ್ತಿಯೂ ಕಾಯಿದೆಯೂ ಪರಿಹಾರವಾಗುವುದಿಲ್ಲ. ಹಿಡಿದು ಬೇರೆಡೆಗೆ ಬಿಡುವುದು, ಸಂತಾನಹರಣ ಚಿಕಿತ್ಸೆ ಮಾಡುವುದು ಮುಂತಾದ ಸಲಹೆಗಳು ಮತ್ತೆಮತ್ತೆ ಕೇಳಿಬರುತ್ತವೆ.

ಇಂತಹ ಸಲಹೆಗಳನ್ನು ತೂಗಿನೋಡುವ ತಕ್ಕಡಿ ಮುಸುವನ ಸಾಮಾಜಿಕ ಜೀವನದ ತಿಳಿವಳಿಕೆಯೇ. ಒಂಟಿಗಂಡಿನ ತಂಡದಿಂದ ಆ ಗಂಡನ್ನು ತೆಗೆದರೆ ಏನಾಗುತ್ತದೆ ಎಂಬುದನ್ನು ಸುಗಿಯಾಮಾ ಅವರ ಪ್ರಯೋಗವೇ ತೋರಿಸಿದೆ: ನೆರೆಯ ಗಂಡು ಒಳನುಗ್ಗಿ ಮರಿಗಳಿಗೆ ಅಪಾಯವೊದಗುತ್ತದೆ. ಹಿಡಿದು ಬಿಟ್ಟ ತಂಡ ಬರಿದಾದ ಕಾಡಿಗೆ ಹೋಗುವುದಿಲ್ಲ, ಬೇರೊಂದು ತಂಡದ ನೆಲೆಗೆ ಹೋಗುತ್ತದೆ. ರೋಗವಿರುವ ಕಣಿವೆಯ ಮಂಗವನ್ನು ರೋಗವಿಲ್ಲದ ಕಣಿವೆಗೆ ಸಾಗಿಸಿದರೆ ಮೈಮೇಲಿನ ಉಣುಗೂ ಜೊತೆಗೆ ಸಾಗುತ್ತದೆ. ಕೆಂಪು ಮಂಗದ ಹಾವಳಿಯನ್ನೂ ಮುಸುವನ ಹಾವಳಿಯನ್ನೂ ಮಂಗನ ಕಾಟ ಎಂಬ ಒಂದೇ ಮಾತಿನಲ್ಲಿ ಸೇರಿಸುವುದು ಇನ್ನೊಂದು ದೋಷ. ಎರಡರ ಆಹಾರ ಬೇರೆ, ತಂಡದ ರಚನೆ ಬೇರೆ, ಮನುಷ್ಯನ ಅನ್ನಕ್ಕೆ ಒಗ್ಗುವ ಬಗೆಯೂ ಬೇರೆ.

ಕಾಡಿನ ಬದಲಾವಣೆಯನ್ನೂ ಇಲ್ಲಿ ಮರೆಯುವಂತಿಲ್ಲ. ಕರಾವಳಿಯ ಗುಡ್ಡಗಳಲ್ಲಿ ವ್ಯಾಪಕವಾಗಿ ನೆಟ್ಟ ಅಕೇಶಿಯಾ ಹಸಿರಾಗಿ ಕಂಡರೂ ಹಲವು ಜಾತಿಯ ಚಿಗುರು, ಹೂವು, ಕಾಯಿಗಳನ್ನು ಋತುಮಾನಕ್ಕೆ ತಕ್ಕಂತೆ ಕೊಡುತ್ತಿದ್ದ ಮಿಶ್ರಕಾಡಿಗೆ ಅದು ಸಮನಲ್ಲ. ಕರಾವಳಿಯ ಹೆದ್ದಾರಿಯೂ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವೂ ಉತ್ತರ-ದಕ್ಷಿಣವಾಗಿ ಸಾಗಿ, ಗುಡ್ಡದಿಂದ ಕಡಲಿನೆಡೆಗಿನ ದಾರಿಯನ್ನು ಅಡ್ಡಗಟ್ಟಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಕುಮಟಾದಲ್ಲಿ ಕ್ಷೇತ್ರಕೇಂದ್ರವನ್ನು ಹೊಂದಿದ್ದು, ಜಿಲ್ಲೆಯ ಸಸ್ಯಸಂಪತ್ತಿನ ಕುರಿತು ಬೆಲೆಯುಳ್ಳ ಕೆಲಸ ನಡೆದಿದೆ. ಯಾವ ಬೆಟ್ಟದಲ್ಲಿ ಯಾವ ಮರವಿದೆ ಎಂಬ ಆ ಜ್ಞಾನದ ಜೊತೆಗೆ ಯಾವ ತಿಂಗಳಲ್ಲಿ ಮುಸುವ ಯಾವ ಮರವನ್ನು ಹುಡುಕಿ ಬರುತ್ತದೆ ಎಂಬುದನ್ನು ಸೇರಿಸಿದರೆ, ತೋಟಕ್ಕೆ ಅದು ಇಳಿಯುವ ತಿಂಗಳು ಮತ್ತು ಕಾರಣ ತಾನಾಗಿ ಹೊರಬೀಳುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಕರಾವಳಿಯ ಮುಸುವನ ಕುರಿತ ಜ್ಞಾನ ಮೂರು ಬೇರೆಬೇರೆ ಕಪಾಟುಗಳಲ್ಲಿದೆ. ವರ್ಗೀಕರಣಕಾರರ ಕಪಾಟಿನಲ್ಲಿ ಹೆಸರು, ವೈರಾಣುಶಾಸ್ತ್ರಜ್ಞರ ಕಪಾಟಿನಲ್ಲಿ ಸಾವು, ವರ್ತನಾಶಾಸ್ತ್ರಜ್ಞರ ಕಪಾಟಿನಲ್ಲಿ ಬೇರೆ ಊರಿನ ಮುಸುವನ ಬದುಕು. ಇವು ಒಂದರೊಡನೊಂದು ಮಾತನಾಡಿದ್ದು ಕಡಿಮೆ. ಶರಾವತಿ, ಅಘನಾಶಿನಿ, ವೆಂಕಟಾಪುರ ಈ ಮೂರು ಹೊಳೆಗಳ ಕಣಿವೆಗಳಲ್ಲಿ, ಕಡಲಂಚಿನಿಂದ ಘಟ್ಟದ ತಲೆಯವರೆಗೆ ಆಯ್ದ ಕೆಲವು ತಂಡಗಳನ್ನು ಹಲವು ವರ್ಷ ಸತತವಾಗಿ ಅನುಸರಿಸುವ ಅಧ್ಯಯನವೊಂದು ಕೈಗೂಡಿದರೆ ಮೂರು ಕಪಾಟುಗಳ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಇದಕ್ಕೆ ದುಬಾರಿ ಉಪಕರಣಗಳಿಗಿಂತ ಮುಖ್ಯವಾಗಿ ಬೇಕಾದುದು ತಾಳ್ಮೆ ಹಾಗೂ ಸ್ಥಳೀಯರ ಸಹಭಾಗಿತ್ವ. ತೋಟಿಗ, ಉಪ್ಪಾಗೆ-ಮುರುಗಲು ಆಯುವವ, ಕಾಡಿನ ಕಾವಲುಗಾರ, ಆಶಾ ಕಾರ್ಯಕರ್ತೆ ಇವರೆಲ್ಲ ಮುಸುವನನ್ನು ದಿನವೂ ನೋಡುವವರು.

ಕ್ಯಾಸನೂರಿನಲ್ಲಿ ಮಂಗದ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟನ್ನು ಮೊದಲು ಕಂಡವರು ಹಳ್ಳಿಗರು. ಮುಸುವನನ್ನು ಕೆಂಪು ಮಂಗದಿಂದ ಬೇರೆಯಾಗಿ ಹೆಸರಿಸಿದವರೂ ಅವರೇ. ವಿಜ್ಞಾನ ಎರಡೂ ಸಲ ಅವರ ಹಿಂದಿನಿಂದ ಬಂದು ಆ ಮಾತನ್ನು ಖಚಿತಪಡಿಸಿತು. ಮೂರನೆಯ ಪ್ರಶ್ನೆಯಲ್ಲಾದರೂ ಇಬ್ಬರೂ ಜೊತೆಯಾಗಿ ನಡೆದರೆ, ಮುಂದಿನ ಬೇಸಿಗೆಯಲ್ಲಿ ಗೇರುಸೊಪ್ಪೆಯ ಬೆಟ್ಟಕ್ಕೆ ದರಕಿಗೆ ಹೋಗುವವರ ಜೀವಕ್ಕೂ ಅಲ್ಲಿನ ಮುಸುವನ ಜೀವಕ್ಕೂ ಅದರಿಂದ ಒಳಿತಾಗುವುದರಲ್ಲಿ ಸಂದೇಹವಿಲ್ಲ.